ಬಾಯಮ್ಮನ ಸಹಿ

ಇಲ್ಲಿ ನ್ಯೂಜರ್ಸಿಯ ಕನ್ನಡದವರ ಸ್ಮರಣ ಸಂಚಿಕೆಗೆ ಕಳೆದ ತಿಂಗಳು ಒಬ್ಬ ಹೆಂಗಸಿನ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿದ್ದೆ, ತೀರಿಕೊಂಡವರ ಪುಟಕ್ಕೆ. ಅಚ್ಚಾಗಿ ಬಂದಾಗ ನೋಡಿದರೆ, ‘ಟ್ರಕ್ ಓಡಿಸುತ್ತಿದ್ದರು’ ಎಂದು ನಾನು ಬರೆದದ್ದು ‘ಸಾರಿಗೆ ಕ್ಷೇತ್ರದಲ್ಲಿ ಸೇವೆ ಸಲ್ಲಿಸಿದ್ದರು’ ಎಂದಾಗಿತ್ತು. ಫೋನ್ ಮಾಡಿ ಕೇಳಿದೆ. “ಓದೋಕೆ ಚೆನ್ನಾಗಿರಲಿ ಅಂತ ಸ್ವಲ್ಪ ತಿದ್ದಿದ್ವಿ ಮೇಡಂ,” ಎಂದರು ಸಂಪಾದಕರು.

ಓದಲು ಚೆನ್ನಾಗಿರಬೇಕು ಎಂಬ ಆಸೆ ಆ ಹೆಂಗಸಿಗೆ ಬದುಕಿದ್ದಾಗಲೂ ಇರಲಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಅವರ ಮಗಳು ಕೇಳಿಕೊಂಡಿದ್ದಾಳೆ, ಹಾಕುವುದಿಲ್ಲ. ಕೆಲಸವನ್ನು ಮಾತ್ರ ಮುಚ್ಚಿಡುವುದಿಲ್ಲ. ಅವರು ಟ್ರಕ್ ಓಡಿಸುತ್ತಿದ್ದರು. ಹದಿನೆಂಟು ಚಕ್ರದ್ದು. ನನಗೂ ಕಲಿಸಿದರು.

ಹೊಸ ಶತಮಾನ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂಬ ಹೆದರಿಕೆ ಮುಗಿದು, ಇನ್ನು ಮೇಲೆ ಎಲ್ಲರೂ ಶ್ರೀಮಂತರಾಗುತ್ತಾರೆ ಎಂಬ ನಂಬಿಕೆ ಶುರುವಾಗಿದ್ದ ವರ್ಷ ಅದು. ನಾನು ಟರ್ನ್‌ಪೈಕ್ ಹೆದ್ದಾರಿಯ ಪಕ್ಕದ ಒಂದು ದೊಡ್ಡ ಗೋದಾಮಿನಲ್ಲಿ ಕಿಟಕಿಯ ಹಿಂದೆ ಕೂತು, ಸರಕು ತರುವ ಡ್ರೈವರುಗಳ ಕಾಗದ ನೋಡಿ ಮುದ್ರೆ ಒತ್ತುತ್ತಿದ್ದೆ. ಡ್ರೈವರುಗಳೆಂದರೆ ಕಿಟಕಿ ತುಂಬುವಂಥ ಗಂಡಸರು. ಒಂದು ಬೆಳಿಗ್ಗೆ ಕಿಟಕಿಯಲ್ಲಿ ಯಾರೂ ಕಾಣಲಿಲ್ಲ, ಕಾಗದ ಮಾತ್ರ ಒಳಗೆ ಬಂತು. ಬಗ್ಗಿ ನೋಡಿದರೆ ನಾಲ್ಕೂ ಮುಕ್ಕಾಲು ಅಡಿಯ ಒಬ್ಬ ಹೆಂಗಸು. ಐವತ್ತರ ಹತ್ತಿರದ ವಯಸ್ಸು, ಗಂಡಸರ ಚೌಕಳಿ ಅಂಗಿ, ಜೀನ್ಸು, ಹಿಂದೆ ಬಿಗಿದು ಕಟ್ಟಿದ ತುರುಬು. ಸರಕು ಇಳಿಸಬೇಕಾದ ಹುಡುಗ ದೂರದಲ್ಲಿ ಕಾಫಿ ಕುಡಿಯುತ್ತ ನಿಂತಿದ್ದ. ಅವನನ್ನು ನೋಡುತ್ತ ಆಕೆ ತನ್ನಷ್ಟಕ್ಕೆ ಹೇಳಿದರು: “ಎಂತ ಸಾವು ಮಾರಾಯ. ನಾನು ಬಂದು ಒಂದು ಗಂಟೆ ಆಯ್ತು, ಇವನಿಗೆ ಒಂದು ಲೋಟ ಕಾಫಿ ಮುಗಿಲಿಲ್ಲ.”

ನನಗೆ ನಗು ಬಂತು. “ನೀವು ಕನ್ನಡದವರಾ ಆಂಟಿ?” ಎಂದೆ.

“ಆಂಟಿ ಇಲ್ಲಿ ಎಲ್ಲರೂ,” ಎಂದರು. “ಊರಲ್ಲಿ ನಮ್ಮನ್ನು ಬಾಯಮ್ಮ ಅಂತ ಕರೀತಾರೆ. ಹಾಗೆ ಕರಿ.”

ಉಡುಪಿ ಕಡೆಯ ಕ್ರಿಶ್ಚಿಯನ್ ಹೆಂಗಸರನ್ನು ಊರವರು ಮರ್ಯಾದೆಯಿಂದ ಹಾಗೆ ಕರೆಯುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಗಂಡ ಹಡಗಿನಲ್ಲಿ ಅಡುಗೆಯವನಾಗಿದ್ದು ತೀರಿಕೊಂಡಿದ್ದ. ಒಬ್ಬಳೇ ಮಗಳು ಕಾಲೇಜಿನಲ್ಲಿದ್ದಳು. ನ್ಯೂಆರ್ಕಿನ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ರೋಗಿಗಳನ್ನು ಎತ್ತಿ ಇಳಿಸುವ ಕೆಲಸ ಮಾಡಿ, ಅದನ್ನು ಬಿಟ್ಟು ಲೈಸೆನ್ಸ್ ತೆಗೆದವರು. ಯಾಕೆ ಎಂದು ಕೇಳಿದ್ದಕ್ಕೆ ಅವರ ಉತ್ತರ: “ಹನ್ನೊಂದು ವರ್ಷ ಎಲ್ಲರೂ ನಂಗೆ ಹೇಳಿದ್ದು ತಳ್ಳು ಅಂತ. ವೀಲ್‌ಚೇರ್ ತಳ್ಳು, ಮಂಚ ತಳ್ಳು. ಇದ್ರಲ್ಲಿ ಕೂತ್ಕೊಂಡು ಹೋಗ್ಬಹುದಲ್ಲ.”

ಅವರು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಹೊರಗೆ ಹೋಗಿ ಅವರ ಟ್ರಕ್ಕಿನ ಮೆಟ್ಟಿಲ ಮೇಲೆ ಕೂತು ಮಾತಾಡುವುದು ನನಗೆ ರೂಢಿಯಾಯಿತು. ಒಂದು ದಿನ ನನ್ನನ್ನು ಹತ್ತಿಸಿ ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಅಲ್ಲಿಂದ ನಾನು ಮುದ್ರೆ ಒತ್ತುವ ಕಿಟಕಿ ಕಾಣುತ್ತಿತ್ತು. ಅದು ಬೆಂಕಿಪೊಟ್ಟಣದಷ್ಟಿತ್ತು. ಆ ವಾರವೇ ನಾನು ಟ್ರಕ್ ಶಾಲೆಗೆ ಅರ್ಜಿ ತಂದೆ.

ನಮ್ಮ ಮನೆ ಆಗ ಕೆಂಡಲ್ ಪಾರ್ಕಿನಲ್ಲಿ. ನನ್ನ ಗಂಡ ವಾರದಲ್ಲಿ ಐದು ದಿನ ಬಾಸ್ಕಿಂಗ್ ರಿಡ್ಜ್‌ಗೆ ಕಂಪ್ಯೂಟರ್ ಕೆಲಸಕ್ಕೆ ಹೋಗಿಬರುತ್ತಿದ್ದರು. ಶನಿವಾರ ಭಾನುವಾರ ನಮ್ಮ ಬೇಸ್‌ಮೆಂಟಿನಲ್ಲಿ ಹನ್ನೆರಡು ಮಂದಿಗೆ ಜಾವಾ ಎಂಬ ಕಂಪ್ಯೂಟರ್ ಭಾಷೆ ಹೇಳಿಕೊಡುತ್ತಿದ್ದರು. ಅವರೂ ಅದನ್ನು ಕಲಿತು ಮೂರು ತಿಂಗಳಾಗಿತ್ತಷ್ಟೆ. ಶುಕ್ರವಾರ ಒಂದು ಪಾಠ ಓದಿಕೊಳ್ಳುವರು, ಶನಿವಾರ ಅದನ್ನೇ ಕಲಿಸುವರು. ಆ ವರ್ಷ ಜರ್ಸಿಯ ಎಷ್ಟೋ ಬೇಸ್‌ಮೆಂಟುಗಳಲ್ಲಿ ಹೀಗೆಯೇ ನಡೆಯುತ್ತಿತ್ತು, ಅದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ. ನಾನೂ ಎರಡು ತಿಂಗಳು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಕಂಪ್ಯೂಟರ್ ನನ್ನ ತಲೆಗೆ ಹತ್ತಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹತ್ತಿತು, ಬೇಜಾರಾಯಿತು.

“ಟ್ರಕ್ಕಾ?” ಎಂದರು ಗಂಡ. ಅವರದು ಜಗಳದ ಸ್ವಭಾವವಲ್ಲ. ಅರ್ಜಿಯನ್ನು ತಿರುಗಿಸಿ ನೋಡಿ, “ಜನ ಕೇಳಿದ್ರೆ ಏನಂತ ಹೇಳ್ಲಿ?” ಎಂದರು.

“ಟ್ರಕ್ ಅಂತಾನೇ ಹೇಳಿ,” ಎಂದೆ. ಅಷ್ಟು ಧೈರ್ಯದಿಂದ ಹೇಳಿದವಳು ನಾನೇ ಕೆಲವು ವಾರಗಳ ನಂತರ ಹೇಗೆ ನಡೆದುಕೊಂಡೆ ಎಂಬುದನ್ನೂ ಬರೆಯುತ್ತೇನೆ.

ಶಾಲೆ ಮುಗಿದು ಲೈಸೆನ್ಸ್ ಬಂದ ಮೇಲೆ, ಬಾಯಮ್ಮನ ಕಂಪನಿಗೇ ಸೇರಿದೆ. ಹೊಸ ಡ್ರೈವರ್ ಮೊದಲ ನಾಲ್ಕು ವಾರ ಒಬ್ಬ ಟ್ರೇನರ್ ಜೊತೆ ಅದೇ ಟ್ರಕ್ಕಿನಲ್ಲಿ ಇರಬೇಕು, ಅಲ್ಲೇ ಮಲಗಬೇಕು. ಕೊನೆಗೆ ಟ್ರೇನರ್ ಒಂದು ಫಾರಂಗೆ ಸಹಿ ಹಾಕಿದರೆ ಆ ಹೊಸ ಡ್ರೈವರಿಗೆ ಒಬ್ಬರೇ ಓಡಿಸಲು ಟ್ರಕ್ಕು, ಪೂರ್ತಿ ಸಂಬಳ. ಟ್ರೇನರ್ ಎಂದರೆ ಇಪ್ಪತ್ತು ವರ್ಷ ಓಡಿಸಿದವರು ಎಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ. ಆರು ತಿಂಗಳು ಅಪಘಾತವಿಲ್ಲದೆ ಓಡಿಸಿದ ಯಾರನ್ನಾದರೂ ಕರೆದು ಟ್ರೇನರ್ ಆಗುತ್ತೀಯಾ ಎಂದು ಕೇಳುತ್ತಿದ್ದರು. ಎಲ್ಲರೂ ಹೂಂ ಅನ್ನುತ್ತಿದ್ದರು. ಏಕೆಂದರೆ ಶಿಷ್ಯ ಓಡಿಸಿದ ಮೈಲಿಯ ದುಡ್ಡೂ ಗುರುವಿಗೆ ಬರುತ್ತಿತ್ತು. ಶಿಷ್ಯ ಓಡಿಸುವಾಗ ಗುರು ಹಿಂದೆ ಪರದೆ ಎಳೆದು ಮಲಗುವುದು, ಗುರು ಓಡಿಸುವಾಗ ಶಿಷ್ಯ ಮಲಗುವುದು. ಟ್ರಕ್ಕು ನಿಲ್ಲುವುದೇ ಬೇಡ. ಮೊನ್ನೆ ಮೊನ್ನೆ ಕಲಿತವನಿಗೆ ನಿದ್ದೆಯಲ್ಲೂ ಸಂಪಾದನೆ. ಕಂಪನಿಗೂ ಸರಕು ಬೇಗ ಮುಟ್ಟುತ್ತಿತ್ತು.

ಬಾಯಮ್ಮ ಆ ಕಂಪನಿಯಲ್ಲಿ ಮಲಗದ ಟ್ರೇನರ್. ನನ್ನ ಕೈಯಲ್ಲಿ ಸ್ಟೇರಿಂಗ್ ಇದ್ದಷ್ಟು ಹೊತ್ತೂ ಅವರು ಪಕ್ಕದ ಸೀಟಿನಲ್ಲಿ ಎಚ್ಚರವಾಗಿರುತ್ತಿದ್ದರು. ಹಾಗೆ ಕೂತದ್ದನ್ನು ಲಾಗ್ ಪುಸ್ತಕದಲ್ಲಿ ಕೆಲಸದ ಹೊತ್ತು ಎಂದೇ ಬರೆಯುತ್ತಿದ್ದರು. ಡ್ರೈವರ್ ಒಂದೇ ಸಮನೆ ಇಷ್ಟೇ ಗಂಟೆ ಕೆಲಸ ಮಾಡಬಹುದು, ಆಮೇಲೆ ಮಲಗಲೇಬೇಕು ಎಂಬ ಕಾನೂನಿದೆ. ಹೀಗಾಗಿ ಇಬ್ಬರೂ ಒಟ್ಟಿಗೆ ಎಚ್ಚರ, ಇಬ್ಬರೂ ಒಟ್ಟಿಗೆ ನಿದ್ದೆ. ನಮ್ಮ ಟ್ರಕ್ಕು ಒಬ್ಬರೇ ಓಡಿಸುವ ಟ್ರಕ್ಕಿಗಿಂತ ಒಂದು ಮೈಲಿಯೂ ಹೆಚ್ಚು ಹೋಗುತ್ತಿರಲಿಲ್ಲ. ಕಲಿಸಿದ್ದಕ್ಕಾಗಿ ಅವರಿಗೆ ಬಂದ ಲಾಭ ಏನೂ ಇಲ್ಲ. ಆಫೀಸಿನವರು ನಮ್ಮ ಟ್ರಕ್ಕನ್ನು ‘ಆಮೆ’ ಎನ್ನುತ್ತಿದ್ದರು.

ಸರಕು ಹಂಚುವವನು ಫೋನಿನಲ್ಲಿ, ನಾಳೆ ಸಂಜೆಗೆ ಷಿಕಾಗೋ ಮುಟ್ಟಬೇಕು, ಇಬ್ಬರಿದ್ದೀರಲ್ಲ, ಆಗುತ್ತದೆ ಎನ್ನುತ್ತಿದ್ದ. ಬಾಯಮ್ಮ “ನೋ” ಎಂದು ಹೇಳಿ ಸುಮ್ಮನಾಗುತ್ತಿದ್ದರು. ಆ ಕಡೆಯಿಂದ ಹಲೋ ಹಲೋ ಕೇಳಿಸುತ್ತಿತ್ತು. ಇವರು ಬಾಯಿ ಬಿಡುತ್ತಿರಲಿಲ್ಲ.

“ಕಾರಣ ಹೇಳಬಹುದಲ್ವಾ ಬಾಯಮ್ಮ?” ಎಂದು ನಾನೊಮ್ಮೆ ಕೇಳಿದೆ.

“ಕಾರಣ ಕೊಟ್ರೆ ಅವ ಆ ಕಾರಣಕ್ಕೆ ಉತ್ತರ ಕೊಡ್ತಾನೆ. ನೋ ಅಂದ್ರೆ ಎಂತ ಉತ್ತರ ಕೊಡ್ತಾನೆ?”

ಅವರು ಕೂರುತ್ತಿದ್ದುದು ಎರಡು ದಿಂಬಿನ ಮೇಲೆ. ಮುಂದಿನ ಗಾಜಿನ ಹತ್ತಿರ ಏನನ್ನೂ ತೂಗಹಾಕಲು ಬಿಡುತ್ತಿರಲಿಲ್ಲ. ಜಪಸರ ಅಂಗಿಯ ಜೇಬಿನಲ್ಲಿರುತ್ತಿತ್ತು. “ಎದುರು ನೇತು ಹಾಕಿದ್ರೆ ಕಣ್ಣಿಗೆ ಅಡ್ಡ. ಜೇಬಲ್ಲಿ ಇದ್ರೆ ದೇವರಿಗೇನೂ ಬೇಜಾರಿಲ್ಲ,” ಎನ್ನುವರು. ಸೀಟಿನ ಹಿಂದೆ ಪುಟ್ಟ ಕುಕ್ಕರಿನಲ್ಲಿ ಕುಚ್ಚಲಕ್ಕಿ ಅನ್ನ ಬೇಯುತ್ತಿತ್ತು. ಅದರ ಜೊತೆಗೆ ಒಣ ಸೀಗಡಿ ಚಟ್ನಿ. ಮೈಸೂರಿನ ಅಗ್ರಹಾರದಲ್ಲಿ ಬೆಳೆದ ನಾನು ಮೊದಲ ದಿನ ಕಿಟಕಿ ಪೂರ್ತಿ ಇಳಿಸಿ ಹೊರಗೆ ತಲೆ ಹಾಕಿದೆ. ಅವರು ಮರುದಿನದಿಂದ ಟ್ರಕ್ ನಿಂತಾಗ ಹೊರಗೆ ಮೆಟ್ಟಿಲ ಮೇಲೆ ಕೂತು ಚಟ್ನಿ ತಿಂದು, ಕೈ ತೊಳೆದು ಒಳಗೆ ಬರತೊಡಗಿದರು. ಆ ಚಳಿಯಲ್ಲಿ. ನಾಲ್ಕನೇ ದಿನ ನಾನೇ ಒಳಗೆ ಕರೆದೆ.

ಅವರ ಪಾಠದಲ್ಲಿ ಎರಡೇ ಸಂಗತಿ ಇತ್ತು. ಒಂದು, ಹಿಂದಕ್ಕೆ ತೆಗೆಯುವಾಗ ಇಳಿದು ನೋಡುವುದು. ಕನ್ನಡಿಯನ್ನು ನಂಬಿದರೆ ಬೈಗುಳ. ಬ್ರೂಕ್ಲಿನ್ನಿನ ಒಂದು ಇಕ್ಕಟ್ಟು ಬೀದಿಯಲ್ಲಿ ನನ್ನನ್ನು ಒಂಬತ್ತು ಸಲ ಇಳಿಸಿ ಹತ್ತಿಸಿದರು. ಹಿಂದೆ ಕಾರುಗಳು ಸಾಲುಗಟ್ಟಿ ಹಾರ್ನ್ ಮಾಡುತ್ತಿದ್ದವು. ಒಬ್ಬ ಇಳಿದು ಬಂದು ಕೂಗಾಡಿದ. ಬಾಯಮ್ಮ ಅವನ ಎದೆಮಟ್ಟಕ್ಕೆ ನಿಂತು ಕೈ ಕಟ್ಟಿಕೊಂಡು ಪೂರ್ತಿ ಕೇಳಿಸಿಕೊಂಡರು. ಅವನು ಉಸಿರು ಎಳೆದುಕೊಳ್ಳುವ ಹೊತ್ತಿಗೆ ನನ್ನ ಕಡೆ ತಿರುಗಿ, “ಇನ್ನೊಮ್ಮೆ ಇಳಿದು ನೋಡು,” ಎಂದರು.

ಇನ್ನೊಂದು, ಬೆಟ್ಟ ಇಳಿಯುವುದು. ತುಂಬಿದ ಟ್ರಕ್ಕನ್ನು ಬ್ರೇಕಿನಲ್ಲಿ ಇಳಿಸಬಾರದು, ಗೇರಿನಲ್ಲಿ ಇಳಿಸಬೇಕು. ಮೇಲೆ ಇರುವಾಗಲೇ ಗೇರ್ ಇಳಿಸಿಕೊಳ್ಳಬೇಕು, ವೇಗ ಹತ್ತಿದ ಮೇಲೆ ಗೇರ್ ಬೀಳುವುದಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹೊಗೆಯಾಡಿ ಕೊನೆಗೆ ಹಿಡಿಯುವುದೇ ಇಲ್ಲ. ಇದೆಲ್ಲ ನನಗೆ ಬಾಯಿಪಾಠ ಇತ್ತು. ಆದರೆ ಇಳಿಜಾರು ಕಂಡ ಕೂಡಲೇ ನನ್ನ ಬಲಗಾಲು ತಾನಾಗಿ ಹೋಗಿ ಬ್ರೇಕಿನ ಮೇಲೆ ಕೂರುತ್ತಿತ್ತು. “ಕಾಲು,” ಎನ್ನುವರು ಬಾಯಮ್ಮ. ತೆಗೆಯುತ್ತಿದ್ದೆ. ಅರ್ಧ ನಿಮಿಷದಲ್ಲಿ ಮತ್ತೆ, “ಕಾಲು.”

ಮೂರನೇ ವಾರ ಕ್ವೀನ್ಸಿನಲ್ಲಿ ಸರಕು ಇಳಿಸಿ, ಟ್ರಕ್ಕನ್ನು ಯಾರ್ಡಿನಲ್ಲಿ ಬಿಟ್ಟು, ಟ್ರೈನ್ ಹಿಡಿದು ಫ್ಲಶಿಂಗ್‌ಗೆ ಹೋದೆವು. ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ದೋಸೆ ತಿನ್ನೋಣ ಎಂದವರು ಬಾಯಮ್ಮನೇ. ಅಲ್ಲಿ ಕೆಂಡಲ್ ಪಾರ್ಕಿನ ಪರಿಚಯದವರೊಬ್ಬರು ಸಿಕ್ಕಿದರು, ನನ್ನ ಗಂಡನ ಕ್ಲಾಸಿಗೆ ಬರುತ್ತಿದ್ದ ಹುಡುಗನ ತಾಯಿ. ಗ್ರೀಸ್ ಹತ್ತಿದ ನನ್ನ ಜಾಕೆಟ್ ನೋಡಿ, “ಏನಮ್ಮಾ, ಕಾಣಿಸೋದೇ ಇಲ್ಲ? ಎಲ್ಲಿ ಕೆಲಸ ಈಗ?” ಎಂದರು.

“ಲಾಜಿಸ್ಟಿಕ್ಸ್‌ನಲ್ಲಿದೀನಿ ಆಂಟಿ,” ಎಂದೆ.

ಬಾಯಮ್ಮ ದೋಸೆ ಮುರಿಯುವುದನ್ನು ನಿಲ್ಲಿಸಿದರು. “ಲಾಜಿಸ್ಟಿಕ್ಸ್ ಅಂದ್ರೆ ಎಂತ?” ಎಂದು ನನ್ನನ್ನು ಕೇಳಿದರು. ನಾನು ಚಟ್ನಿಯ ಬಟ್ಟಲು ಹತ್ತಿರ ಎಳೆದುಕೊಂಡೆ. ಅವರು ಆ ತಾಯಿಯ ಕಡೆ ತಿರುಗಿ, “ಟ್ರಕ್ ಓಡಿಸ್ತಾಳೆ. ದೊಡ್ಡದು. ನಾನು ಕಲಿಸ್ತಾ ಇದ್ದೇನೆ,” ಎಂದರು. ಆಕೆ “ಓ, ವೆರಿ ಇಂಟರೆಸ್ಟಿಂಗ್” ಎಂದು ತಟ್ಟೆ ತೆಗೆದುಕೊಂಡು ಬೇರೆ ಮೇಜಿಗೆ ಹೋದರು. ಟ್ರೈನಿನಲ್ಲಿ ನಾನು ಸಿಟ್ಟಿನಿಂದ ಬೇರೆ ಸೀಟಿನಲ್ಲಿ ಕೂತೆ. ಸಿಟ್ಟು ನನಗಿಂತ ಅವರಿಗೇ ಹೆಚ್ಚಾಗಿತ್ತೆಂದು ತಿಳಿದದ್ದು ಯಾರ್ಡ್ ತಲುಪಿದ ಮೇಲೆ. “ಹೇಳ್ಲಿಕ್ಕೆ ನಾಚಿಕೆ ಆಗುವ ಕೆಲಸವನ್ನು ಯಾರೂ ಸರಿ ಕಲಿಯುವುದಿಲ್ಲ,” ಎಂದರು.

ನಾಲ್ಕನೇ ವಾರದಲ್ಲಿ ಗಂಡ ಫೋನ್ ಮಾಡಿದರು. ಅವರ ಕಾಂಟ್ರಾಕ್ಟ್ ಮುಗಿದಿತ್ತು, ಮುಂದಿನದು ಸಿಕ್ಕಿರಲಿಲ್ಲ. ಬೇಸ್‌ಮೆಂಟಿನ ಹನ್ನೆರಡು ಮಂದಿಯಲ್ಲಿ ನಾಲ್ವರು ಉಳಿದಿದ್ದರು. ಕಂಪ್ಯೂಟರ್ ಕೆಲಸದ ಗಾಳಿ ತಿರುಗತೊಡಗಿತ್ತು. “ನಿನ್ನದು ಯಾವಾಗ ಪರ್ಮನೆಂಟ್ ಆಗುತ್ತೆ?” ಎಂದು ಮೊದಲ ಸಲ ಕೇಳಿದರು. ಈ ವಾರವೇ ಎಂದೆ.

ವಾರದ ಕೊನೆಗೆ ಕಂಪನಿಯ ಆಫೀಸು, ಯಾರ್ಡು ಇರುವ ಟರ್ಮಿನಲ್ಲಿಗೆ ಬಂದೆವು. ಮ್ಯಾನೇಜರ್ ಫಾರಂ ಮುಂದಿಟ್ಟು ಬಾಯಮ್ಮನ ಕೈಗೆ ಪೆನ್ನು ಕೊಟ್ಟ. ಅವರು ಪೆನ್ನನ್ನು ಮೇಜಿನ ಮೇಲಿಟ್ಟರು. “ನಾಟ್ ರೆಡಿ,” ಎಂದರು.

ನಾನು ಅವರನ್ನು ಹೊರಗೆ ಕರೆದೆ. ಆ ದಿನ ನಾನು ಆಡಿದ ಮಾತನ್ನು ಸುಧಾರಿಸಿ ಬರೆಯುವುದಿಲ್ಲ. “ನಿಮಗೇ ಓಡಿಸೋಕೆ ಬಂದು ಒಂದೂವರೆ ವರ್ಷ ಆಗಿದೆ. ನೀವ್ಯಾರು ನನ್ನ ತಡೆಯೋಕೆ? ಮನೇಲಿ ನನ್ನ ಗಂಡನಿಗೆ ಕೆಲಸ ಇಲ್ಲ.”

“ನಿನ್ನ ತಲೆಗೆ ಗೊತ್ತುಂಟು,” ಎಂದರು ಅವರು. “ಕಾಲಿಗೆ ಗೊತ್ತಿಲ್ಲ. ಇನ್ನು ಹದಿನೈದು ದಿನ ಬೇಕು.”

“ನನ್ನ ಗಂಡ ಮೂರು ತಿಂಗಳು ಕಲಿತು ಕ್ಲಾಸ್ ತಗೋತಿರಲಿಲ್ವಾ? ಎಷ್ಟು ಜನಕ್ಕೆ ಕೆಲಸ ಸಿಕ್ತು.”

“ಅವ ಕಲಿಸಿದ್ದು ತಪ್ಪಿದ್ರೆ ಕಂಪ್ಯೂಟರ್ ನಿಲ್ತದೆ. ಇದು ನಿಲ್ಲುವುದಿಲ್ಲ ಮಾರಾಯ್ತಿ.”

ನಾನು ಒಳಗೆ ಹೋದೆ. ಮ್ಯಾನೇಜರ್ ಕಾಯುತ್ತಿದ್ದ. ಇನ್ನೊಬ್ಬ ಟ್ರೇನರ್ ಮಧ್ಯಾಹ್ನ ಓಹಾಯೋಗೆ ಹೊರಡುತ್ತಾನೆ, ಜೊತೆಗೆ ಹೋಗು, ವಾಪಸು ಬಂದ ದಿನ ಅವನು ಸಹಿ ಹಾಕುತ್ತಾನೆ ಎಂದ. ನಾನು ಬಾಯಮ್ಮನ ಟ್ರಕ್ಕಿನಿಂದ ನನ್ನ ಚೀಲ ತೆಗೆದುಕೊಂಡೆ. ಅವರು ತಡೆಯಲಿಲ್ಲ. ಡಬ್ಬಿಯಲ್ಲಿ ಅನ್ನ ಹಾಕಿ ಕೊಟ್ಟರು. ನಾನು ಅದನ್ನು ಸೀಟಿನ ಮೇಲೆ ಬಿಟ್ಟು ಇಳಿದೆ.

ಆ ಟ್ರೇನರ್ ಕೆಟ್ಟವನಲ್ಲ. ಏಳು ತಿಂಗಳ ಹಿಂದೆ ಪಿಜ್ಜಾ ಅಂಗಡಿಯಲ್ಲಿ ಇದ್ದನಂತೆ. ಸಭ್ಯ, ನನ್ನನ್ನು ಮ್ಯಾಮ್ ಎನ್ನುತ್ತಿದ್ದ. ಟ್ರಕ್ಕಿನಲ್ಲಿ ಭಾರದ ಕಾಗದದ ಸುರುಳಿಗಳಿದ್ದವು. ಮೊದಲ ಎರಡು ಗಂಟೆ ಅವನು ಓಡಿಸಿ ನನಗೆ ಕೊಟ್ಟ. “ಬೆಂಕಿ ಬಿದ್ದರೆ ಮಾತ್ರ ಎಬ್ಬಿಸಿ,” ಎಂದು ನಕ್ಕು ಹಿಂದೆ ಹೋಗಿ ಪರದೆ ಎಳೆದ. ಹತ್ತು ನಿಮಿಷಕ್ಕೆ ಗೊರಕೆ ಕೇಳಿಸಿತು.

ಪೆನ್ಸಿಲ್ವೇನಿಯಾದ ಒಳಗೆ ರಸ್ತೆ ಏರುತ್ತ ಹೋಯಿತು. ಇಳಿಹೊತ್ತಿನ ಬಿಸಿಲು, ಒಣ ರಸ್ತೆ, ಯಾವ ತೊಂದರೆಯೂ ಇರಲಿಲ್ಲ. ಬೆಟ್ಟದ ಮೇಲೆ, ಇಳಿಜಾರು ಶುರುವಾಗುವ ಮುಂಚೆ, ಟ್ರಕ್ಕುಗಳು ನಿಂತು ಬ್ರೇಕ್ ನೋಡಿಕೊಳ್ಳಲು ಒಂದು ಜಾಗವಿದೆ. ಮುಂದೆ ಎಷ್ಟು ಮೈಲಿ ಇಳಿಜಾರು ಎಂಬ ಹಳದಿ ಫಲಕ ಕಂಡಿತು. ನಾನು ಕೆಳಗೆ ನೋಡಿದೆ. ನನ್ನ ಕಾಲು ಬ್ರೇಕಿನ ಮೇಲಿತ್ತು. ಅದು ಯಾವಾಗ ಅಲ್ಲಿಗೆ ಹೋಯಿತೋ ನನಗೆ ಗೊತ್ತಿರಲಿಲ್ಲ. ಹೇಳುವವರು ಪಕ್ಕದಲ್ಲಿ ಇರಲಿಲ್ಲ.

ನಾನು ಆ ಜಾಗಕ್ಕೆ ಟ್ರಕ್ ತಿರುಗಿಸಿ, ನಿಲ್ಲಿಸಿ, ಎಂಜಿನ್ ಆರಿಸಿದೆ. ಸದ್ದು ನಿಂತದ್ದಕ್ಕೆ ಅವನಿಗೆ ಎಚ್ಚರವಾಯಿತು. ಯಾಕೆ ನಿಂತೆವು ಎಂದು ಕೇಳಿದ.

“ಈ ಬೆಟ್ಟ ಇಳಿಸೋಕೆ ನನಗೆ ಬರೋದಿಲ್ಲ. ನೀನು ಬಂದು ಪಕ್ಕದಲ್ಲಿ ಕೂತರೆ ಇಳಿಸ್ತೀನಿ,” ಎಂದೆ.

ಹಾಗೆ ಕೂತರೆ ಅವನ ನಿದ್ದೆಯ ಹೊತ್ತು ಕೆಟ್ಟು, ಮುಂದೆ ಓಡಿಸಲು ಆಗುತ್ತಿರಲಿಲ್ಲ. ಅವನು ಆಫೀಸಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟ. ಸರಕು ಹಂಚುವವನು, ನಿನ್ನ ಹತ್ತಿರ ಲೈಸೆನ್ಸ್ ಇದೆ ತಾನೇ, ಇಳಿ, ಎಂದ. “ನೋ,” ಎಂದೆ. ಆಮೇಲೆ ಸುಮ್ಮನಾದೆ. ಆ ಕಡೆ ಹಲೋ ಹಲೋ ಎನ್ನುತ್ತಿದ್ದ. ಫೋನನ್ನು ಅದರ ಯಜಮಾನನಿಗೆ ವಾಪಸು ಕೊಟ್ಟೆ. ಅರ್ಧ ಗಂಟೆ ನಿಂತೆವು. ಕೊನೆಗೆ ಅವನೇ ಶೂ ಕಟ್ಟಿಕೊಂಡು ಬಂದು ಓಡಿಸಿದ. ಇಳಿಯುವಾಗ ಅವನ ಕಾಲನ್ನು ನೋಡಿದೆ. ಅದೂ ಬ್ರೇಕಿನ ಮೇಲೇ ಇತ್ತು. ಕೆಳಗೆ ಮುಟ್ಟುವವರೆಗೆ ನಾನು ಸೀಟನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ.

ಟರ್ಮಿನಲ್ಲಿಗೆ ವಾಪಸು ಬಂದಾಗ ಬಾಯಮ್ಮ ಟೈರಿನ ಗಾಳಿ ನೋಡುತ್ತಿದ್ದರು. ನನ್ನನ್ನು ಕಂಡು, “ಸೈನ್ ಹಾಕಿದ್ನಾ?” ಎಂದರು.

“ಹಾಕ್ತೀನಿ ಅಂದ. ನಾನೇ ಬೇಡ ಅಂದೆ.”

ಅವರು ನನ್ನ ಚೀಲ ತೆಗೆದುಕೊಂಡು ಮೇಲಿಟ್ಟರು. ಆಮೇಲೆ ಮೆಟ್ಟಿಲ ಮೇಲೆ ಕೂತು, ಯಾರಿಗೂ ಹೇಳದಿದ್ದ ಒಂದು ಸಂಗತಿ ಹೇಳಿದರು.

ಅವರಿಗೆ ಏಳು ತಿಂಗಳ ಅನುಭವವಾಗಿದ್ದಾಗ ಮೊದಲ ಶಿಷ್ಯೆ ಬಂದಿದ್ದಳು. ಇಲ್ಲಿನ ದಕ್ಷಿಣದ ರಾಜ್ಯಗಳ ಕಡೆಯವಳು, ಇಪ್ಪತ್ತನಾಲ್ಕು ವರ್ಷದ ಬಿಳಿಯ ಹುಡುಗಿ. “ದುಡ್ಡು ಹೆಚ್ಚು ಸಿಗ್ತದೆ ಅಂತ ನಾನೂ ಹೂಂ ಅಂದೆ. ಎಲ್ಲರ ಹಾಗೆ ಮಲಗಿದೆ,” ಎಂದರು. ಅದೂ ಬೆಟ್ಟದ ಇಳಿಜಾರು. ಬ್ರೇಕಿನ ವಾಸನೆಗೆ ಇವರಿಗೆ ಎಚ್ಚರವಾಗುವ ಹೊತ್ತಿಗೆ ಟ್ರಕ್ಕು ಕೈ ಮೀರಿತ್ತು. ಹುಡುಗಿ ಹೇಗೋ ರಸ್ತೆ ಪಕ್ಕದ ಜಲ್ಲಿಕಲ್ಲಿನ ಓಣಿಗೆ ತಿರುಗಿಸಿ ನಿಲ್ಲಿಸಿದಳು. ಬ್ರೇಕು ಹೋದ ಟ್ರಕ್ಕುಗಳಿಗಾಗಿಯೇ ಅಂಥ ಓಣಿ ಮಾಡಿರುತ್ತಾರೆ. ಯಾರೂ ಸಾಯಲಿಲ್ಲ. ಸ್ಟೇರಿಂಗಿಗೆ ಬಡಿದು ಹುಡುಗಿಯ ದವಡೆ ಮುರಿಯಿತು.

“ಯಾಕೆ ನನ್ನನ್ನು ಏಳಿಸ್ಲಿಲ್ಲ ಅಂತ ಕೇಳಿದೆ. ಅವಳಿಗೆ ಬಾಯಿ ತೆರೀಲಿಕ್ಕೆ ಆಗುವುದಿಲ್ಲ. ಕಾಗದದಲ್ಲಿ ಬರೆದು ಕೊಟ್ಟಳು. ನೀವು ಸುಸ್ತಾಗಿದ್ರಿ ಅಂತ.”

ಕಂಪನಿಯ ವರದಿಯಲ್ಲಿ ‘ಡ್ರೈವರಿನ ತಪ್ಪು’ ಎಂದು ಬರೆದಿತ್ತು. ‘ಹುಡುಗಿ ತಯಾರಾಗಿದ್ದಳು, ಟ್ರೇನರ್ ಆದ ನಾನು ಎಚ್ಚರವಾಗಿದ್ದು ನಿಗಾ ಇಟ್ಟಿದ್ದೆ’ ಎಂಬ ಮಾತಿನ ಕೆಳಗೆ ಬಾಯಮ್ಮನ ಸಹಿ ಇತ್ತು. ಹುಡುಗಿಯನ್ನು ತೆಗೆದುಹಾಕಿದರು. ಡ್ರೈವರುಗಳ ದಾಖಲೆ ಇಡುವ ಕಡೆ ಆ ತಪ್ಪು ಅವಳ ಹೆಸರಿಗೆ ಸೇರಿತು. ಮತ್ತೆ ಯಾವ ಕಂಪನಿಯೂ ಕೆಲಸ ಕೊಡುವಂತಿರಲಿಲ್ಲ. ಬಾಯಮ್ಮ ಎರಡು ತಿಂಗಳು ಯಾರಿಗೂ ಕಲಿಸಲಿಲ್ಲ. ಆಮೇಲೆ ತಾವಾಗಿಯೇ ಹೋಗಿ ಶಿಷ್ಯೆಯರನ್ನು ಕೇಳಿದರು. “ನಾನು ಬಿಟ್ರೆ ಅವರನ್ನು ಮಲಗುವವರ ಕೈಗೆ ಕೊಡ್ತಾರೆ,” ಎಂದರು.

“ಆ ವರದಿ?” ಎಂದು ಕೇಳಿದೆ.

“ಅದು ಹಾಗೇ ಉಂಟು.”

“ನನ್ನ ಫಾರಂಗೆ ಸುಳ್ಳು ಸಹಿ ಹಾಕಲ್ಲ ಅಂದ್ರಿ. ಅದು ಸುಳ್ಳು ಸಹಿ ಅಲ್ವಾ ಬಾಯಮ್ಮ?”

ಅವರು ಎದ್ದು ಹೋಗಿ ಉಳಿದ ಟೈರುಗಳನ್ನೂ ಒಂದೊಂದಾಗಿ ನೋಡಿ ಬಂದರು. ಕೇಳಬಾರದಿತ್ತೇನೋ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಹತ್ತೊಂಬತ್ತು ದಿನ ಇನ್ನೂ ಅವರ ಜೊತೆ ಓಡಿಸಿದೆ. ಎಷ್ಟು ಬೆಟ್ಟ ಇಳಿದೆವೋ ಲೆಕ್ಕವಿಲ್ಲ. ಹದಿನೇಳನೇ ದಿನ ಒಂದು ಇಳಿಜಾರು ಮುಗಿದ ಮೇಲೆ ನನಗೆ ಹೊಳೆಯಿತು, ಅವರು ‘ಕಾಲು’ ಎಂದಿರಲೇ ಇಲ್ಲ. ತಿರುಗಿ ನೋಡಿದೆ. ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. “ಎದುರು ನೋಡು,” ಎಂದರು.

ಹತ್ತೊಂಬತ್ತು ದಿನ ಮುಗಿದ ಮರುದಿನ ರಜೆ ಇತ್ತು. ಅವರು ಕೆಂಡಲ್ ಪಾರ್ಕಿನ ನಮ್ಮ ಮನೆಗೆ ಮೊದಲ ಸಲ ಬಂದರು. ಬೇಸ್‌ಮೆಂಟಿನ ಕಂಪ್ಯೂಟರ್ ಮುಂದೆ ನನ್ನ ಗಂಡನನ್ನು ಕೂರಿಸಿ, “ನನ್ನ ಇಂಗ್ಲಿಷ್ ಮಾತಿಗೆ ಸಾಕು, ಬರೀಲಿಕ್ಕೆ ಸಾಲುವುದಿಲ್ಲ. ನೀನು ಬರಿ,” ಎಂದರು. ಒಂದೊಂದೇ ವಾಕ್ಯ ಹೇಳುತ್ತ ಹೋದರು. ಇಂಥ ಹುಡುಗಿ ನನ್ನ ಶಿಷ್ಯೆ. ಅವಳಿಗೆ ಬೆಟ್ಟ ಇಳಿಸಲು ನಾನು ಕಲಿಸಿರಲಿಲ್ಲ. ಕಲಿಸಲು ನನಗೇ ಸರಿಯಾಗಿ ಗೊತ್ತಿರಲಿಲ್ಲ. ನಾನು ಮಲಗಿದ್ದೆ.

ಗಂಡ ಬೆರಳು ನಿಲ್ಲಿಸಿದರು. “ಆಂಟಿ, ‘ವಿಶ್ರಾಂತಿಯಲ್ಲಿ ಇದ್ದಿರಬಹುದು’ ಅಂತ ಹಾಕೋಣ್ವಾ? ನಿಮ್ಮ ಸೇಫ್ಟಿಗೆ.”

“ಎಂತ ಇದ್ದಿರಬಹುದು? ನಂಗೆ ಗೊತ್ತಿಲ್ವಾ ನಾನು ಮಲಗಿದ್ದು? ಮಲಗಿದ್ದೆ ಅಂತ ಬರಿ.”

ಗಂಡ ಹಾಗೆಯೇ ಬರೆದರು. ಮೂರು ಪ್ರತಿ ತೆಗೆದೆವು. ಒಂದು ಕಂಪನಿಗೆ, ಒಂದು ದಾಖಲೆ ಇಡುವವರಿಗೆ, ಒಂದು ಆ ಹುಡುಗಿಗೆ. ಬಾಯಮ್ಮ ಹೋದ ಮೇಲೆ ಗಂಡ ತುಂಬಾ ಹೊತ್ತು ಕಂಪ್ಯೂಟರ್ ಮುಂದೆಯೇ ಕೂತಿದ್ದರು. ಬೇಸ್‌ಮೆಂಟಿನಲ್ಲಿ ಉಳಿದಿದ್ದ ನಾಲ್ವರಿಗೆ ಆ ಶನಿವಾರ ದುಡ್ಡು ವಾಪಸು ಕೊಟ್ಟರೆಂದು ನನಗೆ ಆಮೇಲೆ ಅವರಲ್ಲೇ ಒಬ್ಬ ಹೇಳಿದ.

ಸೋಮವಾರ ಟರ್ಮಿನಲ್ಲಿಗೆ ಹೋದೆವು. ಮ್ಯಾನೇಜರ್ ಮೊದಲು ನನ್ನ ಫಾರಂ ಕೊಟ್ಟ. ಬಾಯಮ್ಮ ಪೂರ್ತಿ ಓದಿ ಸಹಿ ಹಾಕಿದರು. ಆಮೇಲೆ ಚೀಲದಿಂದ ಆ ಮೂರು ಕಾಗದ ತೆಗೆದು ಅವನ ಮುಂದೆ ಇಟ್ಟರು. ಅವನು ಓದಿ, ಎದ್ದು ಬಾಗಿಲು ಮುಚ್ಚಿ ಬಂದ. ಇನ್ನೂ ಸಹಿ ಆಗಿಲ್ಲ, ಇದನ್ನು ಮನೆಗೆ ತೆಗೆದುಕೊಂಡು ಹೋಗು, ನಾನು ನೋಡಿಯೇ ಇಲ್ಲ ಎಂದುಕೊಳ್ಳುತ್ತೇನೆ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಹಿ ಹಾಕಿದರೆ ಇಲ್ಲಿ ನಿನಗೆ ಕೆಲಸ ಇರುವುದಿಲ್ಲ, ಇನ್ನೊಂದು ಕಡೆ ಸಿಗುವುದೂ ಕಷ್ಟ, ನಿನಗೆ ಮಗಳಿದ್ದಾಳೆ ಎಂದೂ ಹೇಳಿದ.

ನನ್ನ ಫಾರಂಗೆ ಹಾಕಿದ ಪೆನ್ನು ಇನ್ನೂ ಅವರ ಕೈಯಲ್ಲೇ ಇತ್ತು. ಮೂರೂ ಕಾಗದಕ್ಕೆ ನಿಧಾನವಾಗಿ, ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಒಂದನ್ನು ಅವನಿಗೆ ಕೊಟ್ಟು, ಟ್ರಕ್ಕಿನ ಕೀಲಿಯನ್ನು ಅದರ ಮೇಲಿಟ್ಟರು. ಅವನು ಕೇಳುವವರೆಗೆ ಕಾಯಲಿಲ್ಲ.

ಹೊರಗೆ ಬಂದು ದಿಂಬು, ಕುಕ್ಕರು, ಬಟ್ಟೆಯ ಗಂಟನ್ನು ನನ್ನ ಕಾರಿಗೆ ಸಾಗಿಸಿದೆವು. ನನಗೆ ಅಳು ಬಂತು. ನಾನು ಕೇಳದಿದ್ದರೆ ನೀವು ಈ ಕಾಗದ ಬರೀತಿರಲಿಲ್ಲ ಎಂದೆ. “ಬರೀತಿರಲಿಲ್ಲ,” ಎಂದು ಒಪ್ಪಿಕೊಂಡರು. ಆಮೇಲೆ, “ಅಳ್ಬೇಡ. ನಿಂಗೆ ಟ್ರಕ್ಕು ಸಿಕ್ಕಿತಲ್ಲ, ಹೋಗಿ ಓಡಿಸು,” ಎಂದರು.

ಆರು ತಿಂಗಳ ನಂತರ ಅದೇ ಮ್ಯಾನೇಜರ್ ನನ್ನನ್ನೂ ಕರೆದು ಟ್ರೇನರ್ ಆಗುತ್ತೀಯಾ ಎಂದು ಕೇಳಿದ. ಮನೆಯಲ್ಲಿ ಆಗ ನನ್ನ ಸಂಬಳ ಒಂದೇ. ನೋ ಎಂದು ಹೇಳಿ ಸುಮ್ಮನಾದೆ. ಅದಕ್ಕಿಂತ ಹೆಚ್ಚು ನನ್ನ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಬಾಯಮ್ಮನಿಗೆ ನಾಲ್ಕು ತಿಂಗಳು ಕೆಲಸ ಸಿಗಲಿಲ್ಲ. ಆಮೇಲೆ ಬ್ರಾಂಕ್ಸಿನ ತರಕಾರಿ ಮಾರುಕಟ್ಟೆಗೆ ಸರಕು ತರುವ ಒಬ್ಬ ಇಟಾಲಿಯನ್ ಮುದುಕ ಅವರನ್ನು ಇಟ್ಟುಕೊಂಡ. ಅವನಿಗೆ ಇದ್ದದ್ದು ಮೂರೇ ಟ್ರಕ್ಕು, ಅವರ ಕಾಗದದ ಕಥೆ ಕೇಳಿ ಅವನು ನಕ್ಕನಂತೆ ಅಷ್ಟೆ. ಎಪ್ಪತ್ತು ತುಂಬುವವರೆಗೂ ಅವರು ಅಲ್ಲೇ ಓಡಿಸಿದರು.

ಅಲ್ಲಿ ಸೇರಿದ ವರ್ಷವೇ ಒಂದು ಬೆಳಿಗ್ಗೆ ನಾನು ಅವರನ್ನು ನೋಡಲು ಹೋಗಿದ್ದೆ. ಎಲೆಕೋಸಿನ ಪೆಟ್ಟಿಗೆ ಇಳಿಸುತ್ತಿದ್ದರು. ದಾಖಲೆ ಇಡುವವರಿಂದ ಪತ್ರ ಬಂದಿತ್ತು, ತೋರಿಸಿದರು. ಹುಡುಗಿಯ ಹೆಸರಿನ ಮುಂದಿದ್ದ ತಪ್ಪನ್ನು ತೆಗೆದಿದ್ದರು.

“ಅವಳು ಬರೆದಳಾ?” ಎಂದು ಕೇಳಿದೆ.

“ಇಲ್ಲ.”

“ವಾಪಸ್ ಟ್ರಕ್ ಓಡಿಸ್ತಿದಾಳಂತಾ?”

“ಇಲ್ಲ ಅಂತ ಕಾಣ್ತದೆ.”

ಅಷ್ಟು ಕಳೆದುಕೊಂಡು ಏನು ಬಂತು ಬಾಯಮ್ಮ ಎಂಬ ಮಾತು ನನ್ನ ಬಾಯಿಂದ ಬಂದುಬಿಟ್ಟಿತು. ಅವರು ಪೆಟ್ಟಿಗೆಯನ್ನು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದರು.

“ಅವಳು ಓಡಿಸ್ಲಿ ಅಂತ ನಾನು ಬರೆದದ್ದಲ್ಲ ಮಾರಾಯ್ತಿ. ಅವಳ ತಪ್ಪಲ್ಲ ಅಂತ ಬರೆದದ್ದು. ಬೇಕಾದ್ರೆ ಮನೆಯಲ್ಲೇ ಕೂತ್ಕೊಳ್ಲಿ. ತಪ್ಪಿಲ್ಲದೆ ಕೂತ್ಕೊಳ್ಲಿ.”